ಗ್ರೇಲಿಸ್ಟಿಂಗ್ ಮತ್ತು ಮರುಯತ್ನ: ಮೇಲ್ ಸರ್ವರ್ ನಡೆಸುವವರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಬರುವ ದೂರುಗಳಲ್ಲಿ "ಮೇಲ್ ಬರಲೇ ಇಲ್ಲ" ಎಂಬುದಕ್ಕಿಂತ "ಮೇಲ್ ತಡವಾಗಿ ಬಂತು" ಎಂಬುದನ್ನು ಬಗೆಹರಿಸುವುದು ಕಷ್ಟ. ಬರದೇ ಹೋದ ಮೇಲ್‌ಗೆ ಎಲ್ಲೋ ಒಂದು ಕಡೆ ಸ್ಪಷ್ಟವಾದ ತಿರಸ್ಕಾರದ ಸಾಲು ಸಿಗುತ್ತದೆ. ತಡವಾಗಿ ಬಂದ ಮೇಲ್‌ನಲ್ಲಾದರೋ ಎರಡೂ ಕಡೆಯ ಸರ್ವರ್‌ಗಳು ನಿಯಮದಂತೆಯೇ ನಡೆದುಕೊಂಡಿರುತ್ತವೆ, ಆದರೂ ನಡುವೆ ಒಂದು ಗಂಟೆ ಕಳೆದುಹೋಗಿರುತ್ತದೆ. ಆ ಗಂಟೆಯ ಕಾರಣ ಗ್ರೇಲಿಸ್ಟಿಂಗ್ ಆಗಿದ್ದಾಗ, ಸ್ವೀಕರಿಸುವ ಕಡೆಯವರು ತಮ್ಮ ಹೊಂದಿಕೆಯನ್ನು ತೋರಿಸಿ "ನಾವು ಕಾಯಿಸುವುದು ಐದೇ ನಿಮಿಷ" ಎನ್ನುತ್ತಾರೆ, ಕಳುಹಿಸುವ ಕಡೆಯವರು "ನಮ್ಮ ಸರ್ವರ್ ಕೂಡಲೇ ಕಳುಹಿಸಿತ್ತು" ಎನ್ನುತ್ತಾರೆ, ಮತ್ತು ಇಬ್ಬರ ಮಾತೂ ಸುಳ್ಳಲ್ಲ.

ಗ್ರೇಲಿಸ್ಟಿಂಗ್ ಪದ್ಧತಿಯನ್ನು 2003ರಲ್ಲಿ ಇವಾನ್ ಹ್ಯಾರಿಸ್ ಎಂಬವರು ಪ್ರಸ್ತಾಪಿಸಿದರು. ಸಂಪರ್ಕಿಸಿದ ಯಂತ್ರದ ಐಪಿ ವಿಳಾಸ, ಲಕೋಟೆಯಲ್ಲಿನ (ಅಂದರೆ ಮೇಲ್‌ನ ಒಡಲಿಗೆ ಮೊದಲು ಸರ್ವರ್‌ಗಳು ಹೇಳಿಕೊಳ್ಳುವ) ಕಳುಹಿಸುವವರ ವಿಳಾಸ, ಲಕೋಟೆಯಲ್ಲಿನ ಸ್ವೀಕರಿಸುವವರ ವಿಳಾಸ ಎಂಬ ಮೂರನ್ನು ಸೇರಿಸಿ ಒಂದು ಕಟ್ಟಾಗಿ ನೋಡುವುದು, ಆ ಕಟ್ಟು ಮೊದಲ ಸಲ ಕಂಡುಬಂದರೆ ಶಾಶ್ವತವಾಗಿ ತಿರಸ್ಕರಿಸದೆ "ಈಗ ಆಗುವುದಿಲ್ಲ, ಆಮೇಲೆ ಬನ್ನಿ" ಎಂಬ ತಾತ್ಕಾಲಿಕ ಉತ್ತರ ಕೊಡುವುದು, ನಿಗದಿತ ಹೊತ್ತು ಕಳೆದ ಮೇಲೆ ಅದೇ ಕಟ್ಟು ಮತ್ತೆ ಬಂದರೆ ಒಳಗೆ ಬಿಡುವುದು: ಇಷ್ಟೇ ಅದರ ತಿರುಳು. ಸ್ಪ್ಯಾಮ್ ಕಳುಹಿಸಲೆಂದೇ ಬರೆದ ತಂತ್ರಾಂಶಗಳು ಸರತಿ ಇಟ್ಟುಕೊಂಡು ಮರುಯತ್ನಿಸುವ ಗೋಜಿಗೆ ಹೋಗುವುದು ಕಡಿಮೆ. ನಿಜವಾದ ಮೇಲ್ ಸರ್ವರ್ ಮರುಯತ್ನಿಸಲೇಬೇಕು. ಮೇಲ್ ಸರ್ವರ್‌ಗಳು ತಮ್ಮೊಳಗೆ ಮಾತಾಡುವ ಎಸ್‌ಎಂಟಿಪಿ ಭಾಷೆಯಲ್ಲಿ 4ರಿಂದ ಶುರುವಾಗುವ ಮೂರಂಕಿಯ ಉತ್ತರವೆಲ್ಲ ತಾತ್ಕಾಲಿಕ, 5ರಿಂದ ಶುರುವಾಗುವುದು ಶಾಶ್ವತ. ಗ್ರೇಲಿಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಕಾಣುವ ಉತ್ತರಗಳು 450 ಮತ್ತು 451.

ಮೊದಲೇ ಹೇಳಬೇಕಾದ ಮಾತೊಂದಿದೆ, ಏಕೆಂದರೆ ಮುಂದಿನ ಹೋಲಿಕೆಯೆಲ್ಲ ಅದರ ಮೇಲೆ ನಿಂತಿದೆ. ಬಾಗಿಲು ತೆರೆಯುವ ಹೊತ್ತನ್ನು ಮನೆಯವರು ನಿಶ್ಚಯಿಸಬಹುದು, ಬರುವ ಹೊತ್ತನ್ನು ನಿಶ್ಚಯಿಸುವವರು ನೆಂಟರೇ. ಗ್ರೇಲಿಸ್ಟ್ ಮಾಡುವ ಸರ್ವರ್ 5 ನಿಮಿಷ ಎಂದು ಇಟ್ಟುಕೊಂಡಿದ್ದರೂ ಕಳುಹಿಸುವ ಸರ್ವರ್ ಗಂಟೆಗೊಮ್ಮೆ ಮಾತ್ರ ತನ್ನ ಸರತಿಯನ್ನು ನೋಡುವುದಾದರೆ ಬಳಕೆದಾರರಿಗೆ ಆಗುವ ತಡ ಒಂದು ಗಂಟೆಯದ್ದು. ಹಾಗಾಗಿ ಸ್ವೀಕರಿಸುವ ಕಡೆ ಯಾವ ತಂತ್ರಾಂಶ ಆರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಜಗತ್ತಿನ ಸರ್ವರ್‌ಗಳು ಯಾವ ಲಯದಲ್ಲಿ ಮರಳಿ ಬರುತ್ತವೆ ಎಂಬುದನ್ನು ತಿಳಿದಿರಬೇಕು.

ಮಾನಕಗಳು ಹೇಳುವುದೇನು

ಎಸ್‌ಎಂಟಿಪಿಯನ್ನು ವಿವರಿಸುವ ಮುಖ್ಯ ಮಾನಕವಾದ, 2008ರ ಆರ್‌ಎಫ್‌ಸಿ 5321, ಮರುಯತ್ನಗಳ ನಡುವೆ ಕನಿಷ್ಠ 30 ನಿಮಿಷದ ಅಂತರವಿರಲಿ ಎನ್ನುತ್ತದೆ. ಮೊದಲ ಒಂದು ಗಂಟೆಯಲ್ಲಿ ಎರಡು ಯತ್ನ, ಆಮೇಲೆ ಎರಡು ಮೂರು ಗಂಟೆಗೊಂದು ಯತ್ನ ಎಂಬ ಕ್ರಮ ಅನುಭವಕ್ಕೆ ಹೊಂದುತ್ತದೆ ಎಂದೂ, ಕೈಚೆಲ್ಲುವ ಮೊದಲು 4ರಿಂದ 5 ದಿನವಾದರೂ ಪ್ರಯತ್ನಿಸಬೇಕೆಂದೂ ಸೂಚಿಸುತ್ತದೆ. ಗ್ರೇಲಿಸ್ಟಿಂಗ್‌ಗೆಂದೇ 2012ರಲ್ಲಿ ಬಂದ ಆರ್‌ಎಫ್‌ಸಿ 6647, ಮರುಯತ್ನವನ್ನು ಒಪ್ಪಿಕೊಳ್ಳುವ ಅವಧಿ ಪೂರ್ವನಿಯೋಜಿತವಾಗಿ (ಅಂದರೆ ಯಾರೂ ಬದಲಿಸದಿದ್ದಾಗ) 1 ನಿಮಿಷದಿಂದ 24 ಗಂಟೆಯವರೆಗೆ ಇರಲಿ ಎಂದು ಶಿಫಾರಸು ಮಾಡುತ್ತದೆ. ಹ್ಯಾರಿಸ್ ಅವರ ಮೂಲ ಪ್ರಸ್ತಾಪದಲ್ಲಿ ಕಾಯಿಸುವ ಹೊತ್ತು ಒಂದು ಗಂಟೆಯಿತ್ತು ಎಂಬುದನ್ನು ಗಮನಿಸಿದರೆ, ಒಂದು ದಶಕದೊಳಗೆ ಈ ಪದ್ಧತಿಯ ನಿಲುವು ಎಷ್ಟು ಸಡಿಲಗೊಂಡಿತು ಎಂಬುದು ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಸಡಿಲಿಕೆ ಸರಿಯಾದದ್ದೇ. ಮರಳಿ ಬಾರದ ಸ್ಪ್ಯಾಮ್ ಯಂತ್ರಕ್ಕೆ 1 ನಿಮಿಷವೂ ಒಂದೇ, 1 ಗಂಟೆಯೂ ಒಂದೇ.

ಕಳುಹಿಸುವ ಕಡೆ: ಯಾರು ಯಾವಾಗ ಮರಳಿ ಬರುತ್ತಾರೆ

ಮೇಲ್ ಸರ್ವರ್ ತಂತ್ರಾಂಶಗಳಲ್ಲಿ ಒಂದಾದ ಪೋಸ್ಟ್‌ಫಿಕ್ಸ್‌ನಿಂದ ಶುರುಮಾಡೋಣ. ತಾತ್ಕಾಲಿಕ ಉತ್ತರ ಸಿಕ್ಕ ಮೇಲ್ ಅದರ ಡಿಫರ್ಡ್ (ಮುಂದೂಡಿದ ಮೇಲ್‌ಗಳ) ಸರತಿಗೆ ಹೋಗುತ್ತದೆ. ಆ ಸರತಿಯನ್ನು ಸರತಿ ನಿರ್ವಾಹಕ 300 ಸೆಕೆಂಡಿಗೊಮ್ಮೆ ನೋಡುತ್ತದೆ. ಒಂದು ಮೇಲ್ ಕನಿಷ್ಠ 300 ಸೆಕೆಂಡ್ ತಣ್ಣಗಾಗಬೇಕು, ಗರಿಷ್ಠ 4000 ಸೆಕೆಂಡ್. ನಡುವಿನ ಅಂತರವನ್ನು ಅದು ಮೇಲ್‌ನ ವಯಸ್ಸಿನಿಂದ ನಿರ್ಧರಿಸುತ್ತದೆ: ಮೇಲ್ ಬಂದು ಎಷ್ಟು ಹೊತ್ತಾಗಿದೆಯೋ ಅಷ್ಟೇ ಹೊತ್ತು ಮತ್ತೆ ಕಾಯುತ್ತದೆ. ಪರಿಣಾಮವಾಗಿ ಯತ್ನಗಳು ಹೆಚ್ಚುಕಡಿಮೆ 5, 10, 20, 40, 80ನೇ ನಿಮಿಷದಲ್ಲಿ ಆಗಿ, ಆಮೇಲೆ ಸುಮಾರು 67 ನಿಮಿಷಕ್ಕೊಂದರಂತೆ ಐದು ದಿನ ಸಾಗುತ್ತವೆ. "ಹೆಚ್ಚುಕಡಿಮೆ" ಎನ್ನಲು ಕಾರಣವಿದೆ. ಮೇಲ್‌ನ 300 ಸೆಕೆಂಡ್ ಮುಗಿಯುವ ಕ್ಷಣವೂ ಸರತಿಯನ್ನು ನೋಡುವ ಕ್ಷಣವೂ ಒಂದೇ ಆಗಿರುವುದಿಲ್ಲವಾದ್ದರಿಂದ ಮೊದಲ ಮರುಯತ್ನ 5ರಿಂದ 10 ನಿಮಿಷದ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 5 ನಿಮಿಷ ಕಾಯಿಸುವ ಗ್ರೇಲಿಸ್ಟ್‌ಗೆ ಇದು ಹೇಳಿ ಮಾಡಿಸಿದಂತಹ ಲಯ.

ಪೋಸ್ಟ್‌ಫಿಕ್ಸ್‌ನಲ್ಲಿ ಈ ಸಂಖ್ಯೆಗಳನ್ನು ಇಳಿಸುವ ಆಸೆ ಕೆಲವರಿಗೆ ಆಗುತ್ತದೆ. ಕನಿಷ್ಠ ತಣಿಯುವ ಹೊತ್ತನ್ನು ಮಾತ್ರ ಇಳಿಸಿ ಸರತಿ ನೋಡುವ ಅಂತರವನ್ನು ಹಾಗೆಯೇ ಬಿಟ್ಟರೆ ಏನೂ ಪ್ರಯೋಜನವಿಲ್ಲ, ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿರಬಾರದು. ಎರಡನ್ನೂ ಇಳಿಸಿದರೆ ಗ್ರೇಲಿಸ್ಟ್‌ಗಿಂತ ಬೇರೆ ಕಾರಣಕ್ಕೆ ನಿಂತಿರುವ ಮೇಲ್‌ಗಳೂ, ಸತ್ತುಹೋದ ಡೊಮೇನ್‌ಗಳಿಗೆ ಹೊರಟವೂ ಸೇರಿ, ಪದೇಪದೇ ಬಾಗಿಲು ಬಡಿಯತೊಡಗುತ್ತವೆ. ದೊಡ್ಡ ಸರತಿಯಿರುವಲ್ಲಿ ಇದು ಡಿಸ್ಕಿಗೂ ಡಿಎನ್‌ಎಸ್‌ಗೂ ಹೊರೆ. ಪೂರ್ವನಿಯೋಜಿತ ಸಂಖ್ಯೆಗಳನ್ನು ಮುಟ್ಟದಿರುವುದೇ ಮೇಲು.

ಪೋಸ್ಟ್‌ಫಿಕ್ಸ್‌ನಲ್ಲಿರುವ ಫಾಲ್‌ಬ್ಯಾಕ್ ರಿಲೇ ಎಂಬ ಸೌಲಭ್ಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ಯತ್ನದಲ್ಲಿ ಹೋಗದ ಮೇಲನ್ನೆಲ್ಲ ಇನ್ನೊಂದು ಸರ್ವರ್‌ಗೆ ದಾಟಿಸಿ, ಮುಖ್ಯ ಸರ್ವರ್‌ನ ಸರತಿಯನ್ನು ಹಗುರವಾಗಿಡುವುದು ಅದರ ಉದ್ದೇಶ. ಆದರೆ ಗ್ರೇಲಿಸ್ಟ್‌ನ ಕಣ್ಣಿಗೆ ಆ ಎರಡನೆಯ ಸರ್ವರ್ ಬೇರೆ ಐಪಿ, ಆದ್ದರಿಂದ ಬೇರೆ ಕಟ್ಟು. ಮುಖ್ಯ ಸರ್ವರ್ ಪಡೆದ "ಆಮೇಲೆ ಬನ್ನಿ" ಎಂಬ ಮಾತಿಗೆ ಬೆಲೆಯಿಲ್ಲದಾಗಿ, ಕಾಯುವ ಗಡಿಯಾರ ಎರಡನೆಯ ಸರ್ವರ್‌ನ ಮೊದಲ ಯತ್ನದಿಂದ ಹೊಸದಾಗಿ ಓಡತೊಡಗುತ್ತದೆ. ಮುಖ್ಯ ಸರ್ವರ್ ಮರಳಿ ಬರುವುದೇ ಇಲ್ಲವಾದ್ದರಿಂದ ಅದರ ಹೆಸರಿನಲ್ಲಿ ಎಂದೂ ಒಳ್ಳೆಯ ದಾಖಲೆ ನಿಲ್ಲುವುದಿಲ್ಲ. ಎರಡೂ ಸರ್ವರ್‌ಗಳಿಗೆ ಒಂದೇ 24 ಬಿಟ್ಟಿನ ಜಾಲದೊಳಗಿನ (ಅಂದರೆ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವ) ಐಪಿಗಳನ್ನು ಕೊಡುವುದು ಇದಕ್ಕಿರುವ ಸುಲಭ ಪರಿಹಾರ, ಏಕೆಂದರೆ ಹಲವು ಗ್ರೇಲಿಸ್ಟ್‌ಗಳು ಪೂರ್ತಿ ಐಪಿಯನ್ನು ಬಿಟ್ಟು ಜಾಲದ ಭಾಗವನ್ನು ಮಾತ್ರ ನೋಡುತ್ತವೆ.

ಇನ್ನೊಂದು ಮೇಲ್ ಸರ್ವರ್ ತಂತ್ರಾಂಶವಾದ ಎಕ್ಸಿಮ್‌ನ ಲಯವನ್ನು ಅದರ ಹೊಂದಿಕೆ ಕಡತದಲ್ಲಿ ನೇರವಾಗಿ ಓದಬಹುದು. ಅದರ ಪೂರ್ವನಿಯೋಜಿತ ಮರುಯತ್ನ ನಿಯಮ ಹೇಳುವುದಿಷ್ಟು: ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಅಲ್ಲಿಂದ 16ನೇ ಗಂಟೆಯವರೆಗೆ 1 ಗಂಟೆಯಿಂದ ಶುರುವಾಗಿ ಪ್ರತಿ ಸಲ ಒಂದೂವರೆ ಪಟ್ಟು ಹಿಗ್ಗುವ ಅಂತರ, ಆಮೇಲೆ 4 ದಿನದವರೆಗೆ 6 ಗಂಟೆಗೊಮ್ಮೆ. ಓದಲು ಸೊಗಸಾಗಿದೆ, ಆದರೆ ಈ 15 ನಿಮಿಷ ಎಂಬುದು "15 ನಿಮಿಷವಾದ ಮೇಲೆ ಪ್ರಯತ್ನಿಸಲು ಅನುಮತಿಯಿದೆ" ಎಂಬ ಅರ್ಥದ್ದು. ನಿಜವಾಗಿ ಮೇಲನ್ನು ಕೈಗೆತ್ತಿಕೊಳ್ಳುವುದು ಸರತಿಯನ್ನು ಆಗಾಗ ನೋಡಿಬರುವ ಕ್ಯೂ ರನ್ನರ್, ಮತ್ತು ಡೆಬಿಯನ್ ಲಿನಕ್ಸ್‌ನಲ್ಲಿ ಎಕ್ಸಿಮ್ ಹಾಕಿಕೊಂಡರೆ ಆ ಕ್ಯೂ ರನ್ನರ್ 30 ನಿಮಿಷಕ್ಕೊಮ್ಮೆ ಓಡುವಂತೆ ಹೊಂದಿಸಿರುತ್ತದೆ. ಹಾಗಾಗಿ ಕಡತದಲ್ಲಿ 15 ಎಂದಿದ್ದರೂ ಲಾಗ್‌ನಲ್ಲಿ ಕಾಣುವುದು 30ರ ಲಯವೇ. ಇದನ್ನು ತಿಳಿಯದೆ ಮರುಯತ್ನದ ನಿಯಮವನ್ನು 5 ನಿಮಿಷಕ್ಕೆ ಇಳಿಸಿ, ಏನೂ ಬದಲಾಗಲಿಲ್ಲವೆಂದು ತಲೆ ಕೆರೆದುಕೊಳ್ಳುವವರು ಬಹಳ ಮಂದಿ.

ಆದರೂ ಗ್ರೇಲಿಸ್ಟ್‌ಗಾಗಿಯೇ ಪ್ರತ್ಯೇಕ ನಿಯಮ ಬರೆಯುವ ಅವಕಾಶ ಎಕ್ಸಿಮ್‌ನಲ್ಲಿರುವಷ್ಟು ಸಲೀಸಾಗಿ ಉಳಿದವುಗಳಲ್ಲಿಲ್ಲ. ಸ್ವೀಕರಿಸುವವರ ವಿಳಾಸ ಹೇಳುವ ಹಂತದಲ್ಲಿ, ಅಂದರೆ ಆರ್‌ಸಿಪಿಟಿ ಆದೇಶಕ್ಕೆ, 4ರ ಸರಣಿಯ ಉತ್ತರ ಬಂದರೆ ಮಾತ್ರ ಅನ್ವಯಿಸುವ ನಿಯಮವನ್ನು ಮೇಲಿನ ಸಾಲಿನಲ್ಲಿ ಬರೆದು, ಸಂಪರ್ಕವೇ ಸಿಗದ ಸರ್ವರ್‌ಗಳಿಗೆ ಹಳೆಯ ನಿಯಮವನ್ನೇ ಉಳಿಸಿಕೊಳ್ಳಬಹುದು. ಜೊತೆಗೆ ಕ್ಯೂ ರನ್ನರ್‌ನ ಅಂತರವನ್ನು 5 ಅಥವಾ 10 ನಿಮಿಷಕ್ಕೆ ಇಳಿಸಬೇಕು. ಕ್ಯೂ ರನ್ನರ್ ಹೆಚ್ಚು ಸಲ ಓಡಿದರೂ ಸಮಯ ಬಾರದ ಮೇಲ್‌ಗಳನ್ನು ಅದು ಮುಟ್ಟುವುದಿಲ್ಲವಾದ್ದರಿಂದ ಹೊರೆ ಅಷ್ಟಾಗಿ ಏರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಎಕ್ಸಿಮ್ ಮರುಯತ್ನದ ಸುಳಿವುಗಳನ್ನು ಒಂದು ದತ್ತಸಂಚಯದಲ್ಲಿ ಇಟ್ಟುಕೊಳ್ಳುತ್ತದೆ. ಆರ್‌ಸಿಪಿಟಿಗೆ ಬಂದ ತಾತ್ಕಾಲಿಕ ಉತ್ತರವನ್ನು ಕಳುಹಿಸುವವರು ಮತ್ತು ಸ್ವೀಕರಿಸುವವರು ಸೇರಿದ ಜೋಡಿಯ ಹೆಸರಿನಲ್ಲಿ ಬರೆದುಕೊಳ್ಳುವುದು ಪೂರ್ವನಿಯೋಜಿತ ಕ್ರಮ. ಆ ಆಯ್ಕೆಯನ್ನು ತೆಗೆದುಹಾಕಿದರೆ ಒಬ್ಬರ ಮೇಲ್ ಗ್ರೇಲಿಸ್ಟ್ ಆದ ಕಾರಣಕ್ಕೆ ಅದೇ ವಿಳಾಸಕ್ಕೆ ಇನ್ನೊಬ್ಬರು ಬರೆದದ್ದೂ ಸರತಿಯಲ್ಲಿ ಕೊಳೆಯಬಹುದು. ಅದನ್ನು ತೆಗೆಯಬೇಡಿ.

ಕ್ಯೂಮೇಲ್ ಹಳೆಯದಾದರೂ ಇನ್ನೂ ಅಲ್ಲಲ್ಲಿ ಓಡುತ್ತಿದೆ, ಮತ್ತು ಅದರ ಲೆಕ್ಕ ವರ್ಗಗಳದ್ದು: ಹೊರಗಿನ ವಿಳಾಸಗಳಿಗೆ 400, 1600, 3600, 6400 ಸೆಕೆಂಡುಗಳು, ಹೀಗೆ 20, 40, 60, 80ರ ವರ್ಗಗಳಂತೆ ಹಿಗ್ಗುತ್ತಾ ಪೂರ್ವನಿಯೋಜಿತವಾಗಿ ಒಂದು ವಾರ ನಡೆಯುತ್ತದೆ. ಮೊದಲ ಮರುಯತ್ನ 6 ನಿಮಿಷ 40 ಸೆಕೆಂಡಿಗೆ ಆಗುವುದರಿಂದ 5 ನಿಮಿಷದ ಗ್ರೇಲಿಸ್ಟ್ ಇದಕ್ಕೆ ಸಮಸ್ಯೆಯೇ ಅಲ್ಲ. ಆದರೆ ಹ್ಯಾರಿಸ್ ಹೇಳಿದ್ದ ಒಂದು ಗಂಟೆಯ ಗ್ರೇಲಿಸ್ಟ್ ಎದುರಿಗಿದ್ದರೆ ಗಡಿಯಲ್ಲಿ ತೊಡಕಾಗುತ್ತದೆ. ಕ್ಯೂಮೇಲ್ 3600 ಸೆಕೆಂಡನ್ನು ಮೇಲ್ ಹುಟ್ಟಿದ ಕ್ಷಣದಿಂದ ಎಣಿಸುತ್ತದೆ, ಗ್ರೇಲಿಸ್ಟ್ ಅದನ್ನು ಮೊದಲ ಸಂಪರ್ಕದಿಂದ ಎಣಿಸುತ್ತದೆ. ಕೆಲವೇ ಸೆಕೆಂಡುಗಳ ಈ ವ್ಯತ್ಯಾಸಕ್ಕೆ ಮೇಲ್ ಮತ್ತೆ ಹಿಂದಕ್ಕೆ ಹೋಗಿ ಹುಟ್ಟಿದ 1 ಗಂಟೆ 46 ನಿಮಿಷದ ಮೇಲೆ ತಲುಪಬಹುದು.

ಸೆಂಡ್‌ಮೇಲ್‌ನಲ್ಲಿ ಪ್ರತಿ ಮೇಲ್‌ಗೂ ಹಿಗ್ಗುವ ಅಂತರ ಎಂಬುದು ಪೂರ್ವನಿಯೋಜಿತವಾಗಿ ಇಲ್ಲ. ಸರತಿ ಓಡಿದಾಗಲೆಲ್ಲ ಎಲ್ಲವನ್ನೂ ಪ್ರಯತ್ನಿಸುತ್ತದೆ, ರೆಡ್ ಹ್ಯಾಟ್ ಕುಟುಂಬದ ವ್ಯವಸ್ಥೆಗಳಲ್ಲಿ ಅದು ಗಂಟೆಗೊಮ್ಮೆ ಓಡುವಂತೆ ಇಟ್ಟಿರುತ್ತಾರೆ. ಇಂತಹ ಸರ್ವರ್‌ನಿಂದ ಹೊರಟ ಮೇಲ್ ಸರತಿ ಓಡುವುದಕ್ಕೆ 10 ನಿಮಿಷ ಮೊದಲು ಗ್ರೇಲಿಸ್ಟ್ ಆಗಿದ್ದರೆ 10 ನಿಮಿಷದಲ್ಲಿ ತಲುಪುತ್ತದೆ, ಓಡಿದ ಮರುಕ್ಷಣ ಆಗಿದ್ದರೆ ಒಂದು ಗಂಟೆ. ಒಂದೇ ಸರ್ವರ್‌ನ ಮೇಲ್‌ಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತಿದ್ದರೆ ಇದನ್ನು ಶಂಕಿಸಬಹುದು. ಓಪನ್‌ಎಸ್‌ಎಂಟಿಪಿಡಿ ಪೂರ್ವನಿಯೋಜಿತವಾಗಿ 4 ದಿನ, ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ 2 ದಿನ ಮೇಲನ್ನು ಇಟ್ಟುಕೊಳ್ಳುತ್ತವೆ; ಗ್ರೇಲಿಸ್ಟ್‌ನ ಮಟ್ಟಿಗೆ ಎರಡೂ ಸಾಕಷ್ಟು ದೀರ್ಘ.

ಇನ್ನು ಮರುಯತ್ನವನ್ನೇ ಮಾಡದವರೂ ಇದ್ದಾರೆ. ವೆಬ್ ಅಪ್ಲಿಕೇಶನ್ ಬರೆಯುವವರು ಸರತಿಯಿರುವ ಸರ್ವರ್‌ಗೆ ಕೊಡದೆ, ಲೈಬ್ರರಿಯೊಂದನ್ನು ಬಳಸಿ ನೇರವಾಗಿ ಸ್ವೀಕರಿಸುವವರ ಎಂಎಕ್ಸ್‌ಗೆ (ಅವರ ಡೊಮೇನ್‌ನ ಮೇಲ್ ಪಡೆಯುವ ಸರ್ವರ್‌ಗೆ) ಸಂಪರ್ಕಿಸಿ, 451 ಉತ್ತರವನ್ನು ದೋಷವೆಂದು ದಾಖಲಿಸಿ ಕೈಬಿಡುವುದನ್ನು ಈಗಲೂ ಕಾಣುತ್ತೇವೆ. ಗ್ರೇಲಿಸ್ಟ್ ತಡೆಯಲು ಹೊರಟಿದ್ದು ಇಂತಹ ನಡವಳಿಕೆಯನ್ನೇ ಆದ್ದರಿಂದ ಅಲ್ಲಿ ದೂರಲು ಜಾಗವಿಲ್ಲ. ಅದೇ ಯಂತ್ರದಲ್ಲಿ ಒಂದು ಪುಟ್ಟ ಪೋಸ್ಟ್‌ಫಿಕ್ಸ್ ಇಟ್ಟು ಅದರ ಕೈಗೆ ಮೇಲ್ ಒಪ್ಪಿಸಿದರೆ ಮರುಯತ್ನದ ಚಿಂತೆ ಅಪ್ಲಿಕೇಶನ್‌ಗೆ ಉಳಿಯುವುದಿಲ್ಲ.

ಸ್ವೀಕರಿಸುವ ಕಡೆ: ನಾಲ್ಕು ದಾರಿಗಳು

ಪೋಸ್ಟ್‌ಗ್ರೇ ಹೆಸರಿಗೆ ತಕ್ಕಂತೆ ಪೋಸ್ಟ್‌ಫಿಕ್ಸ್ ಜೊತೆಗೆ ಓಡಿ, ಮೇಲನ್ನು ಬಿಡಬೇಕೋ ಕಾಯಿಸಬೇಕೋ ಎಂದು ಅದಕ್ಕೆ ಹೇಳುವ ನೀತಿ ಸರ್ವರ್. ಆರ್‌ಸಿಪಿಟಿ ಹಂತದಲ್ಲೇ ಉತ್ತರ ಕೊಡುವುದರಿಂದ ಮೇಲ್‌ನ ಒಡಲನ್ನು ಇಳಿಸಿಕೊಳ್ಳುವ ಖರ್ಚಿಲ್ಲ. ಪೂರ್ವನಿಯೋಜಿತವಾಗಿ 300 ಸೆಕೆಂಡ್ ಕಾಯಿಸುತ್ತದೆ, ಮೊದಲ ಮರುಯತ್ನಕ್ಕೆ 2 ದಿನದವರೆಗೆ ಅವಕಾಶ ಕೊಡುತ್ತದೆ, 35 ದಿನ ಕಾಣದ ಕಟ್ಟನ್ನು ಮರೆಯುತ್ತದೆ. ಐಪಿಯ ಕೊನೆಯ ಭಾಗವನ್ನು ಬಿಟ್ಟು 24 ಬಿಟ್ಟಿನ ಜಾಲವನ್ನು ಮಾತ್ರ ನೋಡುವುದು ಪೂರ್ವನಿಯೋಜಿತ ನಡೆ. ಒಂದು ಕಡೆಯಿಂದ ಐದು ಸಲ ಸರಿಯಾಗಿ ಮೇಲ್ ಬಂದರೆ ಆಮೇಲೆ ಅಲ್ಲಿಂದ ಬರುವ ಯಾವುದನ್ನೂ ಕಾಯಿಸದೆ ಬಿಡುವುದು ಅದರ ಅತ್ಯಂತ ಉಪಯುಕ್ತ ಗುಣ. ಈ ಸ್ವಯಂಚಾಲಿತ ಬಿಳಿಪಟ್ಟಿಯಿಂದಾಗಿ, ಹಾಕಿದ ಮೊದಲ ವಾರದಲ್ಲಿ ಕಾಣುವ ಕಿರಿಕಿರಿ ಒಂದು ತಿಂಗಳ ಹೊತ್ತಿಗೆ ಬಹುಪಾಲು ತಗ್ಗುತ್ತದೆ.

ಅದರ ದೌರ್ಬಲ್ಯವೆಂದರೆ ದಾಖಲೆಗಳನ್ನು ಅದೇ ಯಂತ್ರದ ಬರ್ಕ್ಲಿ ಡಿಬಿ ಕಡತದಲ್ಲಿ ಇಟ್ಟುಕೊಳ್ಳುವುದು. ಎರಡು ಎಂಎಕ್ಸ್ ಸರ್ವರ್‌ಗಳಿರುವ ಡೊಮೇನ್‌ನಲ್ಲಿ ಎರಡಕ್ಕೂ ಬೇರೆಬೇರೆ ನೆನಪು ಇರುತ್ತದೆ. ಮೊದಲನೆಯದು ಕಾಯಿಸಿದ ಮೇಲ್ ಮರುಯತ್ನದಲ್ಲಿ ಎರಡನೆಯದಕ್ಕೆ ಹೋದರೆ ಅಲ್ಲಿ ಅದು ಹೊಸಬನೇ. ಎರಡನೆಯ ಎಂಎಕ್ಸ್‌ನಲ್ಲಿ ಗ್ರೇಲಿಸ್ಟ್ ಇಲ್ಲವೇ ಇಲ್ಲ ಎಂದಾದರೆ ಇನ್ನೂ ವಿಪರೀತ, ಮೊದಲನೆಯದರಲ್ಲಿ ಇಟ್ಟ ಕಾವಲಿಗೆ ಅರ್ಥವೇ ಇರುವುದಿಲ್ಲ. ಒಂದೇ ಎಂಎಕ್ಸ್ ಇರುವ ಸಣ್ಣ ಸಂಸ್ಥೆಗೆ ಮಾತ್ರ ಪೋಸ್ಟ್‌ಗ್ರೇ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಓಪನ್‌ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯ ಸ್ಪ್ಯಾಮ್‌ಡಿ ತೀರಾ ಬೇರೆ ಜಾತಿಯದು. ಅದು ಮೇಲ್ ಸರ್ವರ್‌ನ ಮುಂದೆ ನಿಂತು ಮೇಲ್ ಸರ್ವರ್‌ನಂತೆ ನಟಿಸುತ್ತದೆ. ಅಪರಿಚಿತರನ್ನು ಪಿಎಫ್ ಫೈರ್‌ವಾಲ್ ಅದರ ಕಡೆಗೆ ತಿರುಗಿಸುತ್ತದೆ. ಕಾಯಿಸುವ ಹೊತ್ತು 25 ನಿಮಿಷ, ಮರಳಿ ಬರದಿದ್ದರೆ ಮರೆಯುವ ಹೊತ್ತು 4 ಗಂಟೆ, ಬಿಳಿಪಟ್ಟಿಯಲ್ಲಿ ಉಳಿಯುವ ಹೊತ್ತು 864 ಗಂಟೆ, ಅಂದರೆ 36 ದಿನ. 25 ನಿಮಿಷವೆಂದರೆ ಮಾನಕ ಹೇಳುವ 30 ನಿಮಿಷದ ಅಂತರಕ್ಕೆ ಸ್ವಲ್ಪ ಮೊದಲೇ ಬಾಗಿಲು ತೆರೆಯುತ್ತದಲ್ಲ ಎಂದು ಸಮಾಧಾನ ಪಡುವಂತಿಲ್ಲ. ಸ್ಪ್ಯಾಮ್‌ಡಿ ತಾನಾಗಿ ಎಂದೂ ಮೇಲ್ ಸ್ವೀಕರಿಸುವುದಿಲ್ಲ. 25 ನಿಮಿಷದ ನಂತರ ಬಂದ ಮರುಯತ್ನಕ್ಕೂ ಅದು 451 ಎಂದೇ ಉತ್ತರಿಸಿ, ಆ ಐಪಿಯನ್ನು ಬಿಳಿಪಟ್ಟಿಗೆ ಸೇರಿಸಿ ಸುಮ್ಮನಾಗುತ್ತದೆ. ಅದರ ಮುಂದಿನ ಯತ್ನ ಮಾತ್ರ ಫೈರ್‌ವಾಲ್ ದಾಟಿ ನಿಜವಾದ ಸರ್ವರನ್ನು ಮುಟ್ಟುತ್ತದೆ.

ಮೇಲೆ ನೋಡಿದ ಲಯಗಳನ್ನು ಇದಕ್ಕೆ ಹಚ್ಚಿ ನೋಡಿದರೆ ಬೆಲೆ ಎಷ್ಟೆಂದು ತಿಳಿಯುತ್ತದೆ. ಪೋಸ್ಟ್‌ಫಿಕ್ಸ್‌ನ 5, 10, 20ನೇ ನಿಮಿಷದ ಯತ್ನಗಳು ವ್ಯರ್ಥ, 40ನೆಯದು ಬಿಳಿಪಟ್ಟಿಗೆ, 80ನೆಯದು ಒಳಗೆ. ಡೆಬಿಯನ್‌ನ ಎಕ್ಸಿಮ್‌ಗೆ ಮೊದಲ ಯತ್ನದಿಂದ ಸುಮಾರು ಒಂದು ಗಂಟೆ. ಕ್ಯೂಮೇಲ್‌ನ 1600ನೇ ಸೆಕೆಂಡಿನ ಯತ್ನ 1500 ಸೆಕೆಂಡಿನ ಗಡಿಯನ್ನು ಕೂದಲೆಳೆಯಲ್ಲಿ ದಾಟುವುದರಿಂದ ಮೇಲ್ ಒಂದು ಗಂಟೆಗೆ ತಲುಪುತ್ತದೆ. ಗಂಟೆಗೊಮ್ಮೆ ಓಡುವ ಸೆಂಡ್‌ಮೇಲ್‌ಗೆ ಒಂದೂವರೆಯಿಂದ ಎರಡೂವರೆ ಗಂಟೆ ಬೇಕಾಗಬಹುದು. ಇದಕ್ಕೆ ಪ್ರತಿಯಾಗಿ ಸಿಗುವುದೇನೆಂದರೆ, ಸ್ಪ್ಯಾಮ್‌ಡಿ ಬಹಳ ಹಗುರ, ಸ್ಪ್ಯಾಮ್ ಕಳುಹಿಸುವವರಿಗೆ ಮೊದಲ ಕೆಲವು ಸೆಕೆಂಡು ಒಂದೊಂದೇ ಅಕ್ಷರವಾಗಿ ಉತ್ತರ ಕೊಟ್ಟು ಅವರ ಸಮಯ ತಿನ್ನುತ್ತದೆ, ಮತ್ತು ಒಮ್ಮೆ ಬಿಳಿಪಟ್ಟಿಗೆ ಬಂದ ಐಪಿಯಿಂದ ಯಾರು ಯಾರಿಗೆ ಬರೆದರೂ ಮತ್ತೆ ಕಾಯಿಸುವುದಿಲ್ಲ. ಪತ್ರವ್ಯವಹಾರವೇ ಮುಖ್ಯವಾದ, ಗೊತ್ತಿರುವ ಸರ್ವರ್‌ಗಳಿಂದಲೇ ಹೆಚ್ಚು ಮೇಲ್ ಬರುವ ಜಾಗಕ್ಕೆ ಇದು ಇಂದಿಗೂ ಅಚ್ಚುಕಟ್ಟಾದ ವ್ಯವಸ್ಥೆ. ಗ್ರಾಹಕರ ವಿಚಾರಣೆಗೆ ತಕ್ಷಣ ಉತ್ತರಿಸಬೇಕಾದ ವ್ಯಾಪಾರಕ್ಕೆ ಖಂಡಿತ ಅಲ್ಲ.

ಪೋಸ್ಟ್‌ಸ್ಕ್ರೀನ್ ಗ್ರೇಲಿಸ್ಟಿಂಗ್‌ಗಾಗಿ ಬರೆದದ್ದಲ್ಲ. ಪೋಸ್ಟ್‌ಫಿಕ್ಸ್ 2.8ರಿಂದ ಬಂದಿರುವ ಈ ಮುಂಗಾವಲುಗಾರ, ಸಂಪರ್ಕಿಸಿದವರು ಎಸ್‌ಎಂಟಿಪಿ ಶಿಷ್ಟಾಚಾರ ಪಾಲಿಸುತ್ತಾರೋ ಎಂದು ಪರೀಕ್ಷಿಸುತ್ತದೆ. ಸ್ವಾಗತದ ಸಾಲು ಮುಗಿಯುವ ಮೊದಲೇ ಮಾತಾಡುವವರನ್ನು ಹಿಡಿಯುವ ಮೊದಲ ಹಂತದ ಪರೀಕ್ಷೆಯಿಂದ ಯಾರಿಗೂ ಮರುಯತ್ನದ ಕಾಟವಿಲ್ಲ. ಅದರ ನಂತರದ ಆಳವಾದ ಪರೀಕ್ಷೆಗಳನ್ನು ಚಾಲೂ ಮಾಡಿದರೆ ಕತೆ ಬೇರೆ: ಆ ಪರೀಕ್ಷೆಗೆ ಒಳಪಟ್ಟ ಸಂಭಾಷಣೆಯನ್ನು ನಡುವೆ ನಿಜವಾದ ಸರ್ವರ್‌ಗೆ ಹಸ್ತಾಂತರಿಸಲು ಬರುವುದಿಲ್ಲವಾದ್ದರಿಂದ, ಪಾಸಾದವರಿಗೂ 450 ಎಂದು ಹೇಳಿ ಕಳುಹಿಸಬೇಕಾಗುತ್ತದೆ. ಹೀಗಾಗಿ ಇದು ಬೇಡದೆಯೂ ಬಂದ ಗ್ರೇಲಿಸ್ಟಿಂಗ್. ನಿಗದಿತ ಕಾಯುವ ಹೊತ್ತಿಲ್ಲ ಎಂಬುದು ಒಳ್ಳೆಯ ಅಂಶ. ಆದರೆ ನೆನಪು ಒಂದೊಂದು ಐಪಿಗೂ ಪ್ರತ್ಯೇಕ, ಜಾಲದ ಲೆಕ್ಕವಿಲ್ಲ, ಮತ್ತು ಅಲ್ಲೇ ದೊಡ್ಡ ಸೇವೆಗಳೊಂದಿಗೆ ಜಗಳ ಶುರುವಾಗುತ್ತದೆ. ಜಿಮೇಲ್‌ನಂತಹ ಸೇವೆಗೆ ಹೊರಹೋಗುವ ಐಪಿಗಳು ಹೇರಳ. ಒಂದು ಐಪಿಯಿಂದ ಬಂದು 450 ಪಡೆದ ಮೇಲ್ ಮರುಯತ್ನದಲ್ಲಿ ಬೇರೆ ಐಪಿಯಿಂದ ಬಂದು ಮತ್ತೆ 450 ಪಡೆಯಬಹುದು. ಡಿಎನ್‌ಎಸ್ ಆಧಾರಿತ ಬಿಳಿಪಟ್ಟಿಗಳನ್ನು ಸೇರಿಸಿ ಒಳ್ಳೆಯ ಅಂಕ ಪಡೆದವರು ಆಳದ ಪರೀಕ್ಷೆಗಳನ್ನು ದಾಟಿಹೋಗುವಂತೆ ಮಾಡುವ ಅವಕಾಶವಿದೆ. ಅದನ್ನು ಮಾಡದೆ ಆಳದ ಪರೀಕ್ಷೆಗಳನ್ನು ಚಾಲೂ ಮಾಡುವುದು ನನ್ನ ಮಟ್ಟಿಗೆ ಅವಿವೇಕ. ಮೊದಲ ಹಂತದ ಪರೀಕ್ಷೆಗಳನ್ನು ಮಾತ್ರ ಇಟ್ಟುಕೊಂಡರೆ ಪೋಸ್ಟ್‌ಸ್ಕ್ರೀನ್ ಅಮೂಲ್ಯ.

ನಾಲ್ಕನೆಯದು ಆರ್‌ಸ್ಪ್ಯಾಮ್‌ಡಿ. ಹೆಸರಿನ ಸಾಮ್ಯವಿದ್ದರೂ ಓಪನ್‌ಬಿಎಸ್‌ಡಿಯದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಮೇಲನ್ನು ಪೂರ್ತಿ ಓದಿ ಅಂಕ ಕೊಡುವ ಸೋಸುವ ವ್ಯವಸ್ಥೆ. ಪೂರ್ವನಿಯೋಜಿತವಾಗಿ ಅಂಕ 4 ಮುಟ್ಟಿದರೆ ಗ್ರೇಲಿಸ್ಟ್, 6 ಆದರೆ ಸ್ಪ್ಯಾಮ್ ಎಂಬ ಗುರುತು, 15 ಆದರೆ ತಿರಸ್ಕಾರ. ಅಂದರೆ ಯಾವ ಅನುಮಾನಕ್ಕೂ ಆಸ್ಪದ ಕೊಡದ ಮೇಲ್ ಮೊದಲ ಸಲ ಬಂದರೂ ಕಾಯುವುದಿಲ್ಲ. ಕಾಯುವ ಹೊತ್ತು 5 ನಿಮಿಷ, ನೆನಪು ರೆಡಿಸ್ ಎಂಬ ದತ್ತಸಂಚಯದಲ್ಲಿರುವುದರಿಂದ ಎಷ್ಟು ಎಂಎಕ್ಸ್ ಇದ್ದರೂ ಒಂದೇ ದಾಖಲೆಯನ್ನು ಹಂಚಿಕೊಳ್ಳಬಹುದು, ಐಪಿವಿ4ರಲ್ಲಿ ಮೊದಲ 19 ಬಿಟ್ಟುಗಳನ್ನು ಮಾತ್ರ ನೋಡುವುದರಿಂದ ಪಕ್ಕದ ಐಪಿಯಿಂದ ಮರಳಿ ಬಂದರೂ ಗುರುತಿಸುತ್ತದೆ. ಅದಕ್ಕೂ ಮಿಗಿಲಾಗಿ ಲಕೋಟೆಯ ಜೊತೆಗೆ ಮೇಲ್‌ನ ಒಡಲಿನ ಗುರುತನ್ನೂ ಇಟ್ಟುಕೊಳ್ಳುತ್ತದೆ. ಎರಡನೆಯ ಸಲ ಬರುವಷ್ಟರಲ್ಲಿ ಕಪ್ಪುಪಟ್ಟಿಗಳು ಹೊಸದಾಗಿರುತ್ತವಾದ್ದರಿಂದ, ಮೊದಲ ಸಲ ಅನುಮಾನಾಸ್ಪದವಾಗಿದ್ದದ್ದು ಎರಡನೆಯ ಸಲ ಖಚಿತವಾಗಿ ಸ್ಪ್ಯಾಮ್ ಎಂದು ತೀರ್ಮಾನವಾಗುವ ಸಾಧ್ಯತೆ ಇಲ್ಲಿ ಹೆಚ್ಚು. ಇದಕ್ಕೆ ತೆರಬೇಕಾದ ಬೆಲೆ ಬ್ಯಾಂಡ್‌ವಿಡ್ತ್ ಮತ್ತು ಸಿಪಿಯು: ಒಡಲು ಪೂರ್ತಿ ಬಂದ ಮೇಲೆ ಉತ್ತರಿಸುವುದರಿಂದ 20 ಎಂಬಿಯ ಲಗತ್ತು ಎರಡು ಸಲ ಬರಬೇಕು, ಎರಡು ಸಲ ಸೋಸಬೇಕು.

ಆಯ್ಕೆ ಮಾಡುವಾಗ ತೂಗಬೇಕಾದದ್ದು

ಸೋಸುವ ವ್ಯವಸ್ಥೆ ಈಗಾಗಲೇ ಇದ್ದರೆ, ಅಥವಾ ಎರಡು ಎಂಎಕ್ಸ್ ಇದ್ದರೆ, ಆರ್‌ಸ್ಪ್ಯಾಮ್‌ಡಿಯಂತೆ ಅಂಕ ನೋಡಿ ಕಾಯಿಸುವ ಪದ್ಧತಿಯೇ ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಡಿಮೆ ಮೆಮೊರಿಯ ಬಾಡಿಗೆ ಯಂತ್ರದಲ್ಲಿ ಬೆರಳೆಣಿಕೆಯ ಮೇಲ್‌ಬಾಕ್ಸ್‌ಗಳನ್ನು ನಡೆಸುವವರಿಗೆ ಪೋಸ್ಟ್‌ಗ್ರೇ ಸಾಕು, ಆದರೆ ಕಾಯುವ ಹೊತ್ತನ್ನು 60 ಸೆಕೆಂಡಿಗೆ ಇಳಿಸಿದರೂ ರಕ್ಷಣೆ ಅಷ್ಟೇನೂ ಕುಗ್ಗುವುದಿಲ್ಲ, ಮತ್ತು ಬೇಗ ಮರಳಿ ಬರುವ ಸರ್ವರ್‌ಗಳಿಗೆ ಅನುಕೂಲವಾಗುತ್ತದೆ. ನಿಜವಾದ ಸರ್ವರ್‌ನ ಖಾತೆಯೊಂದನ್ನು ಕದ್ದು ಅದರ ಮೂಲಕ ಕಳುಹಿಸುವ ಸ್ಪ್ಯಾಮ್ ತಪ್ಪದೆ ಮರುಯತ್ನಿಸುತ್ತದೆ, ಅದನ್ನು ತಡೆಯುವ ಶಕ್ತಿ ಈ ನಾಲ್ಕರಲ್ಲಿ ಯಾವುದರ ಕಾಯಿಸುವಿಕೆಗೂ ಇಲ್ಲ.

ಒಟಿಪಿ ಮೇಲ್‌ಗಳ ವಿಷಯ ಪ್ರತ್ಯೇಕ ಗಮನಕ್ಕೆ ಅರ್ಹ. 10 ನಿಮಿಷ ಮಾತ್ರ ಊರ್ಜಿತವಿರುವ ಸಂಖ್ಯೆಯನ್ನು ಹೊತ್ತ ಮೇಲ್, 30 ನಿಮಿಷಕ್ಕೊಮ್ಮೆ ಸರತಿ ನೋಡುವ ಸರ್ವರ್‌ನಿಂದ ಹೊರಟು ಗ್ರೇಲಿಸ್ಟ್‌ಗೆ ಸಿಕ್ಕಿದರೆ ತಲುಪುವಾಗ ಸತ್ತಿರುತ್ತದೆ. ಬಳಕೆದಾರ ಮತ್ತೆ ಕೇಳುತ್ತಾನೆ, ಆ ಎರಡನೆಯದು ಬಂದಾಗ ಮೊದಲನೆಯದೂ ಜೊತೆಗೆ ಬಂದು ಯಾವುದು ಹೊಸದೆಂಬ ಗೊಂದಲ ಬೇರೆ. ಬ್ಯಾಂಕು, ತೆರಿಗೆ, ಪರೀಕ್ಷೆಯ ಅರ್ಜಿ ಇತ್ಯಾದಿಗಳಿಗೆ ಕಚೇರಿಯ ಮೇಲ್ ವಿಳಾಸವನ್ನೇ ಕೊಟ್ಟಿರುವ ಸಿಬ್ಬಂದಿ ನಮ್ಮಲ್ಲಿ ಬಹಳ. ಆ ಸೇವೆಗಳ ಎಸ್‌ಪಿಎಫ್ ದಾಖಲೆಯಲ್ಲಿ (ಯಾವ ಐಪಿಗಳು ತಮ್ಮ ಹೆಸರಿನಲ್ಲಿ ಮೇಲ್ ಕಳುಹಿಸಬಹುದೆಂದು ಡೊಮೇನ್‌ನವರು ಡಿಎನ್‌ಎಸ್‌ನಲ್ಲಿ ಬರೆದಿಡುವುದರಲ್ಲಿ) ಹೇಳಿರುವ ಐಪಿ ಜಾಲಗಳನ್ನು ಬಿಡಿಸಿ ಬಿಳಿಪಟ್ಟಿಗೆ ಸೇರಿಸಬೇಕು. ದೊಡ್ಡ ಮೇಲ್ ಸೇವೆಗಳಿಗೂ ಇದೇ ಮದ್ದು. ಓಪನ್‌ಬಿಎಸ್‌ಡಿಯಲ್ಲಿ ಎಸ್‌ಪಿಎಫ್ ದಾಖಲೆಗಳನ್ನು ಕೊನೆಯವರೆಗೆ ಬೆನ್ನಟ್ಟಿ ಐಪಿಗಳ ಪಟ್ಟಿ ಕೊಡುವ ಆದೇಶ ಎಸ್‌ಎಂಟಿಪಿಸಿಟಿಎಲ್‌ನಲ್ಲೇ ಇದೆ. ಆ ಜಾಲಗಳು ಆಗಾಗ ಬದಲಾಗುವುದರಿಂದ ಪಟ್ಟಿಯನ್ನು ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ ನಿಯತವಾಗಿ ಹೊಸದಾಗಿಸುವುದು ಅಗತ್ಯ.

ಸ್ವಂತ ಬಳಕೆದಾರರು 587ನೇ ಪೋರ್ಟ್‌ನಲ್ಲಿ ಲಾಗಿನ್ ಆಗಿ ಕಳುಹಿಸುವ ಮೇಲನ್ನು ಎಂದೂ ಗ್ರೇಲಿಸ್ಟ್ ಮಾಡಬಾರದು. ಪೋಸ್ಟ್‌ಗ್ರೇ ಸಾಲನ್ನು ಪೋಸ್ಟ್‌ಫಿಕ್ಸ್ ನಿಯಮಗಳಲ್ಲಿ ಸ್ವಂತ ಜಾಲ ಮತ್ತು ಲಾಗಿನ್ ಆದವರಿಗೆ ಅನುಮತಿ ಕೊಡುವ ಸಾಲುಗಳಿಗಿಂತ ಕೆಳಗೆ ಇಡಬೇಕೆನ್ನುವುದು ಇದಕ್ಕೇ. ಕೆಲವು ಸರ್ವರ್‌ಗಳು ಕಳುಹಿಸುವವರ ವಿಳಾಸ ನಿಜವೋ ಎಂದು ತಿಳಿಯಲು ಖಾಲಿ ವಿಳಾಸದಿಂದ ಮರುಸಂಪರ್ಕಿಸಿ ವಿಚಾರಿಸುತ್ತವೆ. ಆ ವಿಚಾರಣೆಗೇ ನಾವು 450 ಎಂದರೆ ಅವರು ನಮ್ಮ ಬಳಕೆದಾರರ ಮೇಲನ್ನು ತಡೆಹಿಡಿಯುತ್ತಾರೆ. ಖಾಲಿ ವಿಳಾಸದಿಂದ ಬರುವುದನ್ನು ಆರ್‌ಸಿಪಿಟಿ ಹಂತದಲ್ಲಿ ಬಿಟ್ಟು, ಬೇಕಿದ್ದರೆ ಒಡಲು ಬರುವ ಹಂತದಲ್ಲಿ ಕಾಯಿಸುವುದರಿಂದ ಇದು ತಪ್ಪುತ್ತದೆ.

ಹೊಂದಿಕೆ ಬದಲಿಸಿದ ಮೇಲೆ ಪರಿಣಾಮವನ್ನು ಲಾಗ್‌ನಲ್ಲೇ ಅಳೆಯಬೇಕು. ಕಳುಹಿಸುವ ಕಡೆ ಪೋಸ್ಟ್‌ಫಿಕ್ಸ್ ಇದ್ದರೆ, ತಲುಪಿದ ಮೇಲ್‌ನ ಸಾಲಿನಲ್ಲಿ ಒಟ್ಟು ತಡದ ಪಕ್ಕದಲ್ಲೇ ಓರೆಗೆರೆಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಿರುತ್ತವೆ: ಸರತಿ ನಿರ್ವಾಹಕದ ಕೈಗೆ ಬರುವ ಮೊದಲು ಕಳೆದದ್ದು, ಅದರ ಕೈಯಲ್ಲಿ ಕಳೆದದ್ದು, ಸಂಪರ್ಕ ಸಾಧಿಸಲು ಹಿಡಿದದ್ದು, ಮೇಲ್ ಸಾಗಿಸಲು ಹಿಡಿದದ್ದು. ಗ್ರೇಲಿಸ್ಟ್‌ನಿಂದಾದ ಕಾಯುವಿಕೆ ಡಿಫರ್ಡ್ ಸರತಿಯಲ್ಲಿ ಕಳೆದದ್ದಾದ್ದರಿಂದ ಮೊದಲ ಸಂಖ್ಯೆಯಲ್ಲಿ ಬರುತ್ತದೆ. ಮೊದಲನೆಯದು 412 ಎಂದಿದ್ದು ಉಳಿದ ಮೂರೂ ಒಂದೆರಡು ಸೆಕೆಂಡಿನೊಳಗಿದ್ದರೆ, ಮತ್ತು ಅದೇ ಮೇಲ್‌ಗೆ ಹಿಂದೆ ಒಂದು 450ರ ಸಾಲು ಇದ್ದರೆ, ಜಾಲದಲ್ಲಿ ತೊಂದರೆ ಹುಡುಕುತ್ತಾ ಕೂರಬೇಕಾಗಿಲ್ಲ. ಸ್ವೀಕರಿಸುವ ಕಡೆ ನೋಡಬೇಕಾದದ್ದು ಕಾಯಿಸಿದ ಕಟ್ಟುಗಳಲ್ಲಿ ಎಷ್ಟು ಮರಳಿ ಬಂದವು, ಮರಳಿ ಬಂದವುಗಳಲ್ಲಿ ಎಷ್ಟನ್ನು ಸೋಸುವ ವ್ಯವಸ್ಥೆ ಆಮೇಲೂ ಸ್ಪ್ಯಾಮ್ ಎಂದಿತು ಎಂಬುದನ್ನು. ಕಾಯಿಸಿದ್ದರಲ್ಲಿ ಬಹುಪಾಲು ಮರಳಿ ಬಂದು, ಅವೆಲ್ಲ ಒಳ್ಳೆಯ ಮೇಲ್‌ಗಳೇ ಆಗಿದ್ದರೆ, ಆ ಸರ್ವರ್‌ನಲ್ಲಿ ಗ್ರೇಲಿಸ್ಟಿಂಗ್ ನಿಲ್ಲಿಸಿಬಿಡಬಹುದು.